ಉಂಡ ಮನೆಯ ಜಂತಿ

ನಮ್ಮ ಕಾವ್ಯಗಳಲ್ಲಿ ಮನುಷ್ಯನ ವಯಸ್ಸುಗಳಿಗೆ ಸಮನಾದ ಪಾಲು ದೊರೆತಿಲ್ಲ. ಬಾಲ್ಯಕ್ಕೆ ಕೃಷ್ಣನ ಲೀಲೆಯಿಂದ ಹಿಡಿದು ಜೋಗುಳದವರೆಗೆ ಬೇಕಾದಷ್ಟು ಹಾಡಿದೆ. ಯೌವನದ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಬಹುಪಾಲು ಅದರ ಸೇವೆಗೇ ಮೀಸಲಾಗಿದೆ. ಮುಪ್ಪಿಗೆ ವೈರಾಗ್ಯವಿದೆ. ತಲೆಯಲ್ಲಿ ಒಂದು ನರೆಗೂದಲು ಕಂಡ ಕೂಡಲೆ ರಾಜ್ಯವನ್ನು ಮಗನಿಗೊಪ್ಪಿಸಿ ತಪಸ್ಸಿಗೆ ಹೊರಡುವ ಅರಸರನ್ನು ಜೈನ ಪುರಾಣಗಳಲ್ಲಿ ನಾವೆಲ್ಲ ಓದಿದ್ದೇವೆ. ಆದರೆ ನರೆಗೂದಲು ಕಂಡ ಮೇಲೂ ಮಾರನೆಯ ದಿನ ಎಂದಿನಂತೆ ಎದ್ದು, ಸೊಪ್ಪು ಕೊಂಡು ತಂದು, ಮಗಳ ಕಾಲೇಜಿನ ಶುಲ್ಕ ಕಟ್ಟಿ, ತಾಯಿಗೆ ಔಷಧ ತಂದಿಟ್ಟು, ಕೆಲಸಕ್ಕೆ ಹೋಗುವ ಮನುಷ್ಯನಿಗೆ ಕಾವ್ಯದಲ್ಲಿ ಏನು ಸ್ಥಾನ? ನಲವತ್ತರಿಂದ ಐವತ್ತೈದರವರೆಗಿನ ಆ ದೀರ್ಘ ಮಧ್ಯಾಹ್ನವನ್ನು ನಮ್ಮ ಕವಿಗಳು ಬಹುಮಟ್ಟಿಗೆ ಬಾಳಿದರೇ ಹೊರತು ಬರೆಯಲಿಲ್ಲ ಎಂದು ಮೇಲುನೋಟಕ್ಕೆ ತೋರುತ್ತದೆ.

ಈ ವಯಸ್ಸಿಗೆ ತನ್ನದೇ ಆದ ಒಂದು ಭಾವವಿದೆಯೆಂದು ನನ್ನ ನಂಬಿಕೆ. ಅದು ಪ್ರೇಮವಲ್ಲ, ವೈರಾಗ್ಯವೂ ಅಲ್ಲ. ನಾನು ಏನೇನನ್ನು ಪಡೆದುಕೊಂಡೆ, ಯಾರಿಂದ ಪಡೆದೆ, ಅದರಲ್ಲಿ ನನ್ನ ಯೋಗ್ಯತೆ ಎಷ್ಟು, ಬೇರೆಯವರ ದಯೆ ಎಷ್ಟು, ಬರಿಯ ಅದೃಷ್ಟ ಎಷ್ಟು ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕತೊಡಗುತ್ತದೆ. ಇಪ್ಪತ್ತರಲ್ಲಿ ಈ ಲೆಕ್ಕಕ್ಕೆ ಸಾಮಗ್ರಿ ಇರುವುದಿಲ್ಲ. ಎಂಬತ್ತರಲ್ಲಿ ತೀರಿಸುವುದಕ್ಕೆ ಸಮಯ ಇರುವುದಿಲ್ಲ. ಪಡೆದುದರ ಅರಿವೂ ಹಿಂದಿರುಗಿಸುವ ಶಕ್ತಿಯೂ ಜೊತೆಯಾಗಿರುವುದು ನಡುವಯಸ್ಸಿನಲ್ಲಿ ಮಾತ್ರ. ಈ ಭಾವವನ್ನು ಕನ್ನಡ ಸಾಹಿತ್ಯ ಹೇಗೆ ಕಂಡಿದೆ, ಅದರಲ್ಲಿ ಯಾವುದು ಗಟ್ಟಿ, ಯಾವುದು ಟೊಳ್ಳು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಮಾತಿನ ವಿಚಾರ. 'ಧನ್ಯವಾದ' ಎಂಬುದು ಸಭೆಯ ಮಾತು; ವಂದನಾರ್ಪಣೆಯ ಹೊತ್ತಿಗೆ ವೇದಿಕೆಯ ಮೇಲೆ ಹುಟ್ಟಿ, ಕುರ್ಚಿಗಳನ್ನು ಮಡಚುವ ಹೊತ್ತಿಗೆ ಮುಗಿದುಹೋಗುತ್ತದೆ. ಮನೆಯೊಳಗೆ ಅದನ್ನು ಯಾರೂ ಆಡುವುದಿಲ್ಲ. ಊಟ ಬಡಿಸಿದ ತಾಯಿಗೆ 'ಧನ್ಯವಾದ' ಎಂದರೆ ಆಕೆ ಮಗನ ಹಣೆ ಮುಟ್ಟಿ ನೋಡಬೇಕಾದೀತು. ನಮ್ಮ ಜನ 'ನಿನ್ನ ಹೊಟ್ಟೆ ತಣ್ಣಗಿರಲಿ' ಎನ್ನುತ್ತಾರೆ, 'ದೊಡ್ಡ ಉಪಕಾರವಾಯಿತು' ಎನ್ನುತ್ತಾರೆ. ಇನ್ನೂ ಆಳಕ್ಕೆ ಹೋದರೆ 'ಋಣ' ಎನ್ನುತ್ತಾರೆ. ಅನ್ನದ ಋಣ, ಮಣ್ಣಿನ ಋಣ, ತಾಯಿಯ ಋಣ. ಹುಡುಗಿಯನ್ನು ನೋಡಿ ಬಂದು ಸಂಬಂಧ ಕೂಡದೆ ಹೋದರೆ 'ಋಣವಿರಲಿಲ್ಲ' ಎಂದು ಸಮಾಧಾನ ಮಾಡಿಕೊಳ್ಳುವವರು ನಾವು. ಸಂಸ್ಕೃತದ 'ಕೃತಜ್ಞ' ಎಂಬ ಪದಕ್ಕಂತೂ ಭಾವುಕತೆಯ ಸೋಂಕೇ ಇಲ್ಲ. ಕೃತವನ್ನು, ಎಂದರೆ ಮಾಡಿದುದನ್ನು, ಬಲ್ಲವನು ಕೃತಜ್ಞ. ಅದು ಹೃದಯದ ಗುಣವಾಗುವುದಕ್ಕೆ ಮುಂಚೆ ತಿಳಿವಳಿಕೆಯ ಗುಣ. ತನಗಾಗಿ ಏನು ಮಾಡಲ್ಪಟ್ಟಿದೆ ಎಂಬುದನ್ನೇ ಅರಿಯದವನು ಎಷ್ಟು ಗದ್ಗದಿತನಾದರೂ ಕೃತಜ್ಞನಲ್ಲ.

ಇದರ ಜೊತೆಗೆ ನಮ್ಮಲ್ಲಿ ಇನ್ನೊಂದು ಗಾದೆಯುಂಟು: ಉಂಡ ಮನೆಯ ಜಂತಿ ಎಣಿಸಬಾರದು. ಊಟ ಹಾಕಿದವರ ಮನೆಯ ಆಳ ಅಗಲಗಳನ್ನು ತೂಗಿನೋಡುವುದು ಹೀನ ಕೆಲಸ ಎಂಬುದು ಅದರ ತಾತ್ಪರ್ಯ. ನೀತಿಯಾಗಿ ಇದು ಒಳ್ಳೆಯ ಗಾದೆ. ಸಾಹಿತ್ಯಕ್ಕೆ ಮಾತ್ರ ಇದು ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಸಾಹಿತಿಯಾದವನು ಉಣ್ಣಲೂಬೇಕು, ಜಂತಿಯನ್ನು ಎಣಿಸಲೂಬೇಕು. ಬದುಕಿಗೆ ಕೈಮುಗಿಯುವ ಬರಹ ಈ ಎರಡನ್ನೂ ಒಟ್ಟಿಗೆ ಮಾಡಿದಾಗ ದೊಡ್ಡದಾಗುತ್ತದೆ. ಒಂದನ್ನು ಕೈಬಿಟ್ಟಾಗ ಹೊಗಳಿಕೆಯೋ ಗೊಣಗಾಟವೋ ಆಗಿ ಇಳಿದುಹೋಗುತ್ತದೆ. ನನಗೆ ತಿಳಿದ ಮಟ್ಟಿಗೆ, ಈ ಬಗೆಯ ಬರಹವನ್ನು ಅಳೆಯುವುದಕ್ಕೆ ಇದಕ್ಕಿಂತ ಬೇರೆ ಅಳತೆಗೋಲು ಬೇಕಾಗಿಲ್ಲ.

ಆದಿಕವಿಯಿಂದಲೇ ತೊಡಗೋಣ. ಪಂಪನು ಕ್ರಿ.ಶ. 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ಮುಗಿಸಿದಾಗ ಅವನಿಗೆ ಮೂವತ್ತೊಂಬತ್ತು ವರ್ಷ ಎಂದು ವಿದ್ವಾಂಸರು ಹೇಳುತ್ತಾರೆ. ಅರಿಕೇಸರಿಯ ಆಶ್ರಯದಲ್ಲಿದ್ದ ಕವಿ. ಅವನಿಂದ ಧರ್ಮವುರವೆಂಬ ಅಗ್ರಹಾರವನ್ನು ಪಡೆದವನು. ಒಡೆಯನನ್ನು ಅರ್ಜುನನೊಡನೆ ಸಮೀಕರಿಸಿ, ಪಡೆದ ಮನ್ನಣೆಗೆ ತಕ್ಕ ಪ್ರತಿಯನ್ನು ಕಾವ್ಯದ ಮೂಲಕ ಸಲ್ಲಿಸಿದ. ಇಷ್ಟೇ ಆಗಿದ್ದರೆ ಅದು ಆಸ್ಥಾನದ ಉಪಕಾರಸ್ಮರಣೆಯಾಗಿ ಉಳಿಯುತ್ತಿತ್ತು. ಆದರೆ ಅದೇ ಕಾವ್ಯದ ಒಡಲಲ್ಲಿ ಕರ್ಣನಿದ್ದಾನೆ. ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳುತ್ತಾನೆ, ರಾಜ್ಯ ನಿನ್ನದಾಗುತ್ತದೆ ಎನ್ನುತ್ತಾನೆ. ಕುಂತಿ ತಾಯ್ತನವನ್ನೇ ಮುಂದೊಡ್ಡುತ್ತಾಳೆ. ಕರ್ಣ ಒಪ್ಪುವುದಿಲ್ಲ. ಭಾನುಮತಿಯ ನೆತ್ತದಾಟದ ಪ್ರಸಂಗವನ್ನು, ಹರಿದು ಚೆಲ್ಲಿದ ಮುತ್ತುಗಳ ಮುಂದೆ ದುರ್ಯೋಧನ ತನ್ನ ಮೇಲಿಟ್ಟ ವಿಶ್ವಾಸವನ್ನು ನೆನೆಯುತ್ತಾನೆ. ಆ ಪದ್ಯದಲ್ಲಿ ಆಡಿದವರು ಯಾರು ಯಾರು ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದ್ದೇ ಇದೆ. ಕರ್ಣನ ಕಣ್ಣಿಗೆ ಆ ಗೆಳೆತನವೇ ತನ್ನ ಬದುಕಿನ ಅತಿ ದೊಡ್ಡ ಸಂಪತ್ತು ಎಂಬುದರಲ್ಲಿ ಮಾತ್ರ ಚರ್ಚೆಗೆ ಎಡೆಯಿಲ್ಲ.

ನಾನು ಪ್ರತಿವರ್ಷ ಈ ಭಾಗವನ್ನು ಪಾಠ ಮಾಡುತ್ತೇನೆ. ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಎದ್ದುನಿಂತು ಕೇಳುತ್ತಾನೆ: 'ಸತ್ಯ ಗೊತ್ತಾದ ಮೇಲೂ ಕರ್ಣ ಬಿಟ್ಟುಬರಲಿಲ್ಲವೇಕೆ, ಸಾರ್?' ಇಪ್ಪತ್ತು ವರ್ಷಗಳಲ್ಲಿ ಪ್ರಶ್ನೆ ಬದಲಾಗಿಲ್ಲ. ಕೇಳುವವರ ವಯಸ್ಸೂ ಬದಲಾಗಿಲ್ಲ. ಬದಲಾಗಿರುವುದು ನನ್ನ ವಯಸ್ಸೊಂದೇ. ಪ್ರಾಯದವರಿಗೆ ಸರಿ ತಪ್ಪುಗಳ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ತನ್ನನ್ನು ಲೋಕವೆಲ್ಲ ಕುಲ ಕೇಳಿ ಹೀಯಾಳಿಸಿದ ದಿನ ಕೈ ಹಿಡಿದವನು ಕೆಟ್ಟವನಾಗಿದ್ದರೂ ಆ ಕೈಯ ಬಿಸುಪು ಸುಳ್ಳಲ್ಲ ಎಂಬ ಮಾತು ಅರ್ಥವಾಗಬೇಕಾದರೆ ಕೆಲವು ವರ್ಷಗಳನ್ನು ಕಳೆಯಬೇಕು. ಪಂಪನ ದೊಡ್ಡಸ್ತಿಕೆ ಇಲ್ಲಿದೆ. ಕರ್ಣನ ಕೃತಜ್ಞತೆಯನ್ನು ಅವನು ಕೊಂಡಾಡುತ್ತಾನೆ; ಅದು ಅವನನ್ನು ಕೊಲ್ಲುತ್ತದೆ ಎಂಬುದನ್ನೂ ಮರೆಮಾಚುವುದಿಲ್ಲ. ದುರ್ಯೋಧನನ ಮನೆಯ ಜಂತಿಗಳೆಲ್ಲ ಕರ್ಣನಿಗೆ ಗೊತ್ತು. ಗೊತ್ತಿದ್ದೂ ಅವನು ಉಂಡ ಮನೆಯನ್ನು ಬಿಡಲಾರ.

ಆ ಕಾಲದ ಸಮಾಜಕ್ಕೆ ಇದಕ್ಕೊಂದು ಹೆಸರೂ ಇತ್ತು: 'ಜೋಳವಾಳಿ'. ತಿಂದ ಜೋಳಕ್ಕೆ ಪ್ರತಿಯಾಗಿ ಸಲ್ಲಿಸಬೇಕಾದ ನಿಷ್ಠೆ. 'ವೇಳೆವಾಳಿ' ಅದಕ್ಕಿಂತ ಕಠೋರ. ಒಡೆಯ ಸತ್ತರೆ ತಾನೂ ಸಾಯುವ ಪ್ರತಿಜ್ಞೆ. ಇವು ನಮ್ಮ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಪಂಪಭಾರತಕ್ಕೆ ಎಂಟೊಂಬತ್ತು ವರ್ಷ ಕಿರಿದಾದ ಆತಕೂರಿನ ಶಾಸನವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಿದವರಿಗೆ ಈ ಮನೋಧರ್ಮದ ಇನ್ನೊಂದು ಮುಖ ಕಾಣುತ್ತದೆ. ಗಂಗರ ಬೂತುಗ ತನ್ನ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿ 'ಬೇಕಾದುದನ್ನು ಕೇಳಿಕೊ' ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೇರ ಅದರ ನೆನಪಿಗೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡವನಿಗೆ ಪಾಪ ತಟ್ಟಲಿ ಎಂದು ಬರೆಸಿದ. ಒಡೆಯನು ಆಳಿಗೆ, ಅದರಲ್ಲಿಯೂ ಮೂಕಪ್ರಾಣಿಗೆ, ಋಣಿಯಾದ ಈ ಕಲ್ಲು ಜೋಳವಾಳಿಯ ಲೋಕದಲ್ಲಿ ಒಂದು ಅಪರೂಪದ ವಸ್ತು. ಋಣವೆಂಬುದು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಸಲ್ಲುವ ಕಪ್ಪವಾಗಿತ್ತು. ಇದು ಮೇಲಿನಿಂದ ಕೆಳಗೆ ಇಳಿದು ಬಂದಿದೆ. ಈ ದಿಕ್ಕಿನ ವಿಚಾರವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದರ ಅಗತ್ಯ ಬೀಳುತ್ತದೆ.

ಹೊಸಗನ್ನಡಕ್ಕೆ ಬಂದರೆ, ಉಪಕಾರಸ್ಮರಣೆ ಆಸ್ಥಾನದಿಂದ ಮನೆಗೆ ಬರುತ್ತದೆ. 1937ರಲ್ಲಿ ಪ್ರಕಟವಾದ ಬೇಂದ್ರೆಯವರ 'ಸಖೀಗೀತ'ವನ್ನು ಇಲ್ಲಿ ಮೊದಲು ನೆನೆಯಬೇಕು. ಕವಿಗೆ ಆಗ ನಲವತ್ತೊಂದು ವರ್ಷ. 1932ರಲ್ಲಿ 'ನರಬಲಿ' ಕವನಕ್ಕಾಗಿ ಸೆರೆವಾಸ ಕಂಡಿದ್ದರು. ಸ್ಥಿರವಾದ ಅಧ್ಯಾಪಕ ವೃತ್ತಿ 1944ರಲ್ಲಿ ಸೊಲ್ಲಾಪುರಕ್ಕೆ ಹೋಗುವವರೆಗೂ ಕೈಗೂಡಲಿಲ್ಲ. ಮಕ್ಕಳನ್ನು ಕಳೆದುಕೊಂಡ ದುಃಖ ಒಂದೆರಡು ಸಲದ್ದಲ್ಲ. ಇಂಥ ಹೊತ್ತಿನಲ್ಲಿ ಹೆಂಡತಿಯನ್ನು ಸಖಿಯೆಂದು ಕರೆದು, ಇಬ್ಬರೂ ಕೂಡಿ ನಡೆದ ದಾರಿಯನ್ನು ಹಿಂದಿರುಗಿ ನೋಡುವ ದೀರ್ಘ ಕವನ ಅದು. ಅಲ್ಲಿ ದಾಂಪತ್ಯವನ್ನು ಹೊಗಳುವ ಮಾತು ಕಡಿಮೆ. ಸೋತದ್ದು, ಮುನಿದದ್ದು, ಒಬ್ಬರನ್ನೊಬ್ಬರು ಅರಿಯದೆ ಹೋದದ್ದು ಎಲ್ಲವೂ ಬರುತ್ತದೆ. ಆದರೂ ಒಟ್ಟಿನಲ್ಲಿ ಅದು ಒಂದು ಉಪಕಾರಸ್ಮರಣೆಯೇ. ಸುಖ ಕೊಟ್ಟದ್ದಕ್ಕಾಗಿ ಸಲ್ಲಿಸುವ ಕೃತಜ್ಞತೆ ಸುಲಭ. ದುಃಖದಲ್ಲಿ ಪಾಲು ತೆಗೆದುಕೊಂಡದ್ದಕ್ಕಾಗಿ ಸಲ್ಲಿಸುವುದು ಕಷ್ಟ, ಏಕೆಂದರೆ ಆ ದುಃಖದಲ್ಲಿ ತನ್ನ ಹೊಣೆಯೂ ಎಷ್ಟೋ ಇರುತ್ತದೆ. ಬೇಂದ್ರೆಯವರು ಆ ಕಷ್ಟವನ್ನು ಕೈಗೆತ್ತಿಕೊಂಡರು. ಅವರ ಹಾಡುಗಳನ್ನು ಬಲ್ಲ ಸಾವಿರ ಮಂದಿಯಲ್ಲಿ 'ಸಖೀಗೀತ'ವನ್ನು ಪೂರ್ತಿ ಓದಿದವರು ಎಷ್ಟು ಮಂದಿಯೋ! ನಲವತ್ತು ದಾಟಿದವರು ಒಮ್ಮೆ ಓದಿನೋಡಬೇಕು.

ಕುವೆಂಪು ಅವರ ದಾರಿ ಬೇರೆ. 'ಶ್ರೀ ರಾಮಾಯಣ ದರ್ಶನಂ' 1949ರಲ್ಲಿ ಹೊರಬಂದಾಗ ಅದರ ಮೊದಲಿಗೆ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಬರೆದ ಅರ್ಪಣೆಯ ಪದ್ಯವಿತ್ತು. ವೆಂಕಣ್ಣಯ್ಯನವರು 1939ರಲ್ಲಿಯೇ ತೀರಿಕೊಂಡಿದ್ದರು. ಇಲ್ಲದ ಗುರುವಿನ ಮುಂದೆ ಶಿಷ್ಯ ನಿಂತು, ವಹಿಸಿಕೊಂಡ ಕೆಲಸವನ್ನು ಮುಗಿಸಿ ತಂದಿದ್ದೇನೆ ಎಂದು ಒಪ್ಪಿಸುವ ಧಾಟಿ ಅದರದು. ಮಹಾಕಾವ್ಯದ ಗಾಂಭೀರ್ಯವೆಲ್ಲ ಮುಂದಿದೆ. ಈ ಪದ್ಯದಲ್ಲಿ ಇರುವುದು ಪರೀಕ್ಷೆ ಮುಗಿಸಿ ಬಂದ ಹುಡುಗನ ಉಸಿರು. ನಡುವಯಸ್ಸಿನ ಅತಿ ದೊಡ್ಡ ಕೊರಗೊಂದು ಇಲ್ಲಿ ಅಡಗಿದೆ. ನಾವು ತೋರಿಸಬೇಕಾದದ್ದು ಸಿದ್ಧವಾಗುವ ಹೊತ್ತಿಗೆ ನೋಡಬೇಕಾದವರು ಇರುವುದಿಲ್ಲ. ನಮ್ಮ ಸಾಲ ಹೆಚ್ಚಿನ ಪಾಲು ಸತ್ತವರಿಗೆ ಸಂದದ್ದು. ಅದನ್ನು ಇರುವವರಿಗೆ, ಮುಂದೆ ಬರುವವರಿಗೆ ತೀರಿಸಬೇಕಲ್ಲದೆ ಬೇರೆ ಮಾರ್ಗವಿಲ್ಲ.

ಸತ್ತವರಿಗೆ ಸಲ್ಲಬೇಕಾದ ಬಾಕಿಯನ್ನು ಜೀವಮಾನವೆಲ್ಲ ತೀರಿಸುತ್ತ ಹೋದವರು ಡಿ. ವಿ. ಗುಂಡಪ್ಪನವರು. ಸಾಮಾನ್ಯವಾಗಿ ಇಂಥ ವಿಷಯ ಬಂದಾಗ 1943ರ 'ಮಂಕುತಿಮ್ಮನ ಕಗ್ಗ'ವನ್ನು ಎತ್ತಿಕೊಳ್ಳುವುದು ವಾಡಿಕೆ. ನನಗೆ ಅದಕ್ಕಿಂತ 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳೇ ಹೆಚ್ಚು ಮುಖ್ಯವೆನಿಸುತ್ತವೆ. ಕಗ್ಗದಲ್ಲಿ ಬದುಕಿಗೆ ಹೊಂದಿಕೊಳ್ಳುವ ಬೋಧೆಯಿದೆ. ಚಿತ್ರಶಾಲೆಯಲ್ಲಿ ಬೋಧೆಯ ಬದಲು ಮನುಷ್ಯರಿದ್ದಾರೆ. ದಿವಾನರು, ಸಂಗೀತಗಾರರು, ವೈದಿಕರು, ಪತ್ರಿಕೋದ್ಯಮಿಗಳು, ಜೊತೆಗೆ 'ಹೃದಯ ಸಂಪನ್ನರು' ಎಂಬ ಸಂಪುಟದಲ್ಲಿ ಬರುವ ಅಷ್ಟೇನೂ ಹೆಸರುವಾಸಿಗಳಲ್ಲದ ಸಜ್ಜನರು. ಯಾರು ಏನು ಉಣಬಡಿಸಿದರು, ಯಾರು ಯಾವ ಮಾತಾಡಿದರು, ಯಾರಿಗೆ ಯಾವ ದೌರ್ಬಲ್ಯವಿತ್ತು ಎಂಬುದೆಲ್ಲ ಅಲ್ಲಿದೆ. ದೌರ್ಬಲ್ಯವನ್ನು ಹೇಳುವಾಗ ಅವರಿಗೆ ನಗುವಿದೆ, ಕೊಂಕಿಲ್ಲ. ತರುಣ ವಯಸ್ಸಿನಲ್ಲಿಯೇ ಪತ್ನಿಯನ್ನು ಕಳೆದುಕೊಂಡು, ಪತ್ರಿಕೆ ನಡೆಸಿ ಕಷ್ಟಪಟ್ಟವರ ನೆನಪಿನ ಕೋಣೆಯಲ್ಲಿ ತಮ್ಮ ಕಷ್ಟಕ್ಕೆ ಇಟ್ಟ ಜಾಗ ಅತ್ಯಲ್ಪ. ಆದರೆ ಒಂದು ಮಿತಿಯನ್ನು ಹೇಳದಿದ್ದರೆ ವಿಮರ್ಶೆಯಾಗದು. ಆ ಚಿತ್ರಶಾಲೆಯ ಗೋಡೆಗಳ ಮೇಲೆ ಹಳೆಯ ಮೈಸೂರಿನ ಒಂದು ವರ್ಗದ ಮುಖಗಳೇ ಬಹುಪಾಲು. ಆ ಮನೆಗಳಿಗೆ ಅಕ್ಕಿ ಬೆಳೆದುಕೊಟ್ಟವರ, ಬೀದಿ ಗುಡಿಸಿದವರ ಚಿತ್ರಗಳು ವಿರಳ. ಗುಂಡಪ್ಪನವರಂಥ ಉದಾರ ಹೃದಯಕ್ಕೂ ಕಣ್ಣಿನ ಎಲ್ಲೆಯೇ ನೆನಪಿನ ಎಲ್ಲೆಯಾಯಿತು.

ಇನ್ನು ನಗರದ ಮಧ್ಯಮ ವರ್ಗದವರ ಕವಿಯೆಂದೇ ಪ್ರಸಿದ್ಧರಾದ ಕೆ. ಎಸ್. ನರಸಿಂಹಸ್ವಾಮಿಯವರು. ಇವರ ವಿಷಯದಲ್ಲಿ ನಮ್ಮ ಓದುಗರು ಒಂದು ಅನ್ಯಾಯ ಮಾಡಿದ್ದಾರೆಂಬುದು ನನ್ನ ದೂರು. 1942ರ 'ಮೈಸೂರು ಮಲ್ಲಿಗೆ' ಕವಿಯ ಇಪ್ಪತ್ತೇಳನೆಯ ವಯಸ್ಸಿನ ಪುಸ್ತಕ. ಭಾವಗೀತೆಯ ಗಾಯಕರು, ಧ್ವನಿಸುರುಳಿಗಳು, ಚಲನಚಿತ್ರ ಎಲ್ಲವೂ ಸೇರಿ ಅವರನ್ನು ಆ ವಯಸ್ಸಿನಲ್ಲಿಯೇ ನಿಲ್ಲಿಸಿಬಿಟ್ಟವು. ಆದರೆ ಕವಿ ಸರ್ಕಾರಿ ಕಚೇರಿಯ ಗುಮಾಸ್ತಗಿರಿ ಮಾಡುತ್ತ, ಬಾಡಿಗೆ ಮನೆಗಳಲ್ಲಿ ಸಂಸಾರ ನಡೆಸುತ್ತ ಬೆಳೆಯುತ್ತಲೇ ಹೋದರು. ನಲವತ್ತಮೂರರಲ್ಲಿ 'ಶಿಲಾಲತೆ' (1958), ನಲವತ್ತೈದರಲ್ಲಿ 'ಮನೆಯಿಂದ ಮನೆಗೆ' (1960). ಎರಡನೆಯ ಹೆಸರನ್ನೇ ನೋಡಿರಿ. ಹೆಂಡತಿಯ ತವರೂರಿನ ಹಾದಿಯಲ್ಲಿ ಹಾಡಿಕೊಂಡು ಹೋಗುತ್ತಿದ್ದ ತರುಣ ಈಗ ಪಾತ್ರೆ ಪಡಗಗಳನ್ನು ಗಾಡಿಯಲ್ಲಿ ಹೇರಿಕೊಂಡು ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಹೊರಟ ಗೃಹಸ್ಥ. ಮಲ್ಲಿಗೆಯ ಕಂಪು ಹೋಗಿದೆ ಎಂದು ಕೆಲವರು ಮರುಗಿದರು. ನವ್ಯದ ಪ್ರಭಾವಕ್ಕೆ ಸಿಕ್ಕರೆಂದು ಕೆಲವರು ಟೀಕಿಸಿದರು. ಪ್ರಭಾವವಿದ್ದುದು ನಿಜ. ಆದರೆ ನವ್ಯದ ಮುಂದಾಳುಗಳಿಗೆ ಗೃಹಸ್ಥನ ನೆಮ್ಮದಿಯೇ ಒಂದು ಅಪರಾಧದಂತೆ ಕಂಡಿದ್ದ ಕಾಲದಲ್ಲಿ, ಅದೇ ಬಿಗಿ ಭಾಷೆಯಲ್ಲಿ ಗೃಹಸ್ಥನ ಪರವಾಗಿ ಮಾತಾಡಿದವರು ಇವರು. ಕೊರತೆಯನ್ನು ಒಪ್ಪಿಕೊಂಡೂ ಬಾಳನ್ನು ಬಿಟ್ಟುಕೊಡದ ಆ ನಿಲುವು 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ತೆರೆದ ಬಾಗಿಲು' ಸಂಕಲನದವರೆಗೂ ಹಬ್ಬಿದೆ.

ಅವರ 'ಇಕ್ಕಳ' ಎಂಬ ಚಿಕ್ಕ ಕವನ ಶಾಲೆಯ ಮಕ್ಕಳಿಗೂ ಗೊತ್ತು. ಚಳಿ ಬಂದರೆ ಚಳಿಯನ್ನು, ಬಿಸಿಲು ಬಂದರೆ ಬಿಸಿಲನ್ನು, ಮಳೆ ಬಂದರೆ ಮಳೆಯನ್ನು ದೂರುವ ಜನರನ್ನು ಕುರಿತ ಕವನ. ಅದನ್ನು ನಗೆಗವಿತೆಯೆಂದು ಓದಿ ಮುಗಿಸುವುದು ಸಾಮಾನ್ಯ. ಶೀರ್ಷಿಕೆಯನ್ನು ಗಮನಿಸಿದರೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ದೂರುವವರ ನಡುವೆ ಬದುಕುವವನು ಎರಡು ಕಡೆಯಿಂದಲೂ ಅದುಮಿದ ವಸ್ತುವಿನಂತೆ; ಏನು ಮಾಡಿದರೂ ಹಿಡಿತ ತಪ್ಪದು. ನಮ್ಮಂಥ ಮಧ್ಯಮ ವರ್ಗದವರು ಆ ಕವನವನ್ನು ಓದುವಾಗ ನಾವು ಇಕ್ಕಳಕ್ಕೆ ಸಿಕ್ಕವರೋ, ಇಕ್ಕಳವೋ ಎಂದು ಕೇಳಿಕೊಳ್ಳಬೇಕು. ತಿಂಗಳ ಸಂಬಳ, ಎರಡು ಹೊತ್ತಿನ ಊಟ, ನಲ್ಲಿಯಲ್ಲಿ ನೀರು, ಓದುವ ಮಕ್ಕಳು ಇಷ್ಟೆಲ್ಲ ಇದ್ದೂ ದಿನದ ಮೊದಲ ಮಾತನ್ನು ದೂರಿನಿಂದಲೇ ಆರಂಭಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆಯೆಂಬುದು ಯಾವ ಅಧ್ಯಾಪಕರ ಕೊಠಡಿಯಲ್ಲಿ ಹತ್ತು ನಿಮಿಷ ಕುಳಿತರೂ ತಿಳಿಯುತ್ತದೆ.

ಕಾರಂತರ 'ಅಳಿದ ಮೇಲೆ' (1960) ಈ ಭಾವವನ್ನು ಲೆಕ್ಕದ ಪುಸ್ತಕದ ಮಟ್ಟಕ್ಕೆ ತಂದ ಕಾದಂಬರಿ. ಮುಂಬಯಿಯಲ್ಲಿ ಒಂಟಿಯಾಗಿ ಸತ್ತ ಯಶವಂತರಾಯರು ತಮ್ಮ ಬರಹಗಳನ್ನೂ ಉಳಿದ ಹಣವನ್ನೂ ನಿರೂಪಕನ ಪಾಲಿಗೆ ಬಿಟ್ಟುಹೋಗುತ್ತಾರೆ. ಅವರು ಯಾರಿಗೆಲ್ಲ ಹಣ ಕಳುಹಿಸುತ್ತಿದ್ದರು, ಯಾರ ಋಣದಲ್ಲಿದ್ದರು ಎಂದು ಹುಡುಕಿಕೊಂಡು ನಿರೂಪಕ ಊರೂರು ತಿರುಗುತ್ತಾನೆ. ಲೋಕದಿಂದ ತೆಗೆದುಕೊಂಡುದಕ್ಕಿಂತ ಹೆಚ್ಚನ್ನು ಹಿಂದಿರುಗಿಸದೆ ಸತ್ತವನು ಸಾಲಗಾರನಾಗಿಯೇ ಸತ್ತಂತೆ ಎಂಬುದು ಯಶವಂತರಾಯರ ನಿಷ್ಠುರ ನಂಬಿಕೆ. ಕಾರಂತರ ಜಾಣ್ಮೆಯೆಂದರೆ, ಈ ನಂಬಿಕೆಯನ್ನು ಆಡಿದವನ ಬಾಯಿಂದ ನಾವು ನೇರವಾಗಿ ಕೇಳುವುದಿಲ್ಲ. ಪಡೆದವರ ಮನೆಗಳಿಗೆ ಹೋಗಿ ಪರೀಕ್ಷಿಸುತ್ತೇವೆ. ಅಲ್ಲಿ ಪಾರ್ವತಮ್ಮನಂಥ ಮುದುಕಿ ಸಿಗುತ್ತಾಳೆ. ಆಕೆ ಕೊಟ್ಟುದಕ್ಕೆ ಯಾವ ಹಣವೂ ಸಾಟಿಯಾಗದು. ಹಣ ಪಡೆದೂ ಮನಸ್ಸು ಬೆಳೆಯದವರೂ ಸಿಗುತ್ತಾರೆ. ದೇವರ ಹೆಸರು ಹೇಳದೆ, ಸ್ವರ್ಗದ ಆಸೆ ತೋರಿಸದೆ, ಕೃತಜ್ಞತೆಯನ್ನು ಶುದ್ಧ ಮನುಷ್ಯ ಸಂಬಂಧವಾಗಿ ಶೋಧಿಸಿದ ಇಂಥ ಇನ್ನೊಂದು ಕಾದಂಬರಿ ನಮ್ಮಲ್ಲಿಲ್ಲವೆಂದೇ ಹೇಳುತ್ತೇನೆ.

ದೇವರ ಮಾತು ಬಂದುದರಿಂದ ಎ. ಎನ್. ಮೂರ್ತಿರಾಯರನ್ನು ನೆನೆಯದೆ ಮುಂದುವರಿಯುವಂತಿಲ್ಲ. ಬಾಳಿನ ಭಾಗ್ಯಗಳಿಗೆ ಕೃತಜ್ಞತೆ ಎಂದೊಡನೆ, ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಆಸ್ತಿಕನಿಗೆ ಉತ್ತರ ಸಿದ್ಧವಾಗಿದೆ. 1991ರಲ್ಲಿ, ತೊಂಬತ್ತು ದಾಟಿದ ಮೇಲೆ, 'ದೇವರು' ಎಂಬ ಪುಸ್ತಕ ಬರೆದು ದೇವರಲ್ಲಿ ತಮಗೆ ನಂಬಿಕೆಯಿಲ್ಲವೆಂದು ಸೌಜನ್ಯದಿಂದ, ಆದರೆ ಸ್ಪಷ್ಟವಾಗಿ ಹೇಳಿದ ಮೂರ್ತಿರಾಯರಿಗೆ ಆ ಉತ್ತರ ದೊರೆಯುವಂತಿರಲಿಲ್ಲ. ಹಾಗಿದ್ದೂ ನಮ್ಮ ಗದ್ಯದಲ್ಲಿ ಅವರಷ್ಟು ಬಾಳನ್ನು ಸವಿದು ಬರೆದವರು ವಿರಳ. 1937ರ 'ಹಗಲುಗನಸುಗಳು' ಸಂಕಲನದಿಂದ ಹಿಡಿದು ಆತ್ಮಕಥನವಾದ 'ಸಂಜೆಗಣ್ಣಿನ ಹಿನ್ನೋಟ'ದವರೆಗೆ ಅವರ ಪ್ರಬಂಧಗಳ ಮೂಲದ್ರವ್ಯ ಒಂದೇ: ಇದೆಲ್ಲ ನನಗೆ ಬರಲೇಬೇಕೆಂಬ ಹಕ್ಕೇನೂ ಇರಲಿಲ್ಲ, ಆದರೂ ಬಂದಿತು ಎಂಬ ಬೆರಗು. ವಿಳಾಸವಿಲ್ಲದ ಈ ಕೃತಜ್ಞತೆ ಆಸ್ತಿಕರ ಕೃತಜ್ಞತೆಗಿಂತ ಕಡಿಮೆಯೇನಲ್ಲ. ಕೈಮುಗಿಯುವುದಕ್ಕೆ ಮೇಲೊಬ್ಬನಿಲ್ಲದಿದ್ದಾಗ ಅದು ಅಕ್ಕಪಕ್ಕದವರ ಕಡೆಗೆ ಸೌಜನ್ಯವಾಗಿ ಹರಿಯುತ್ತದೆ. ಮೂರ್ತಿರಾಯರ ಶೈಲಿಯ ಮೃದುತ್ವಕ್ಕೆ ಇದೇ ಕಾರಣವಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಿಜವಾದ ಆಕ್ಷೇಪಣೆಗೆ ಎದುರಾಗಬೇಕು. ಮೇಲೆ ಹೆಸರಿಸಿದ ಲೇಖಕರಲ್ಲಿ ಕೆಲವರು ಬಡತನ ಕಂಡವರು, ಎಲ್ಲರೂ ನೋವನ್ನು ಉಂಡವರು. ಆದರೆ ಋಣವೆಂಬ ಮಾತನ್ನು ಅವರ ಕೊರಳಿಗೆ ಯಾರೂ ಹಗ್ಗವಾಗಿ ಬಿಗಿದಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಧಣಿಯ ಉಪ್ಪಿನ ಋಣವೆಂಬ ಮಾತಿಗೆ ಬೇರೆಯೇ ಅರ್ಥವಿತ್ತು. ಅಜ್ಜ ತೆಗೆದುಕೊಂಡ ಸಾಲಕ್ಕೆ ಮೊಮ್ಮಗ ಜೀತ ಮಾಡುತ್ತಿದ್ದ. ಅದನ್ನು ಅಪರಾಧವೆಂದು ಸಾರುವ ಕಾಯಿದೆ ಬರಲು 1976ನೆಯ ಇಸವಿಯಾಗಬೇಕಾಯಿತು. ಅಂಥ ಮನೆಯ ಹುಡುಗನಿಗೆ 'ಉಂಡ ಮನೆಯ ಜಂತಿ ಎಣಿಸಬೇಡ' ಎಂದರೆ ಅದು ಗಾದೆಯಲ್ಲ, ಬೆದರಿಕೆ. ಜಂತಿ ಎಣಿಸುವುದಕ್ಕೆ ಅವನನ್ನು ಆ ಮನೆಯೊಳಗೆ ಬಿಟ್ಟವರಾದರೂ ಯಾರು? ಹಿತ್ತಲಲ್ಲಿ ಕುಳಿತು ಉಂಡವನಿಗೆ ಜಂತಿ ಕಾಣುವುದಾದರೂ ಹೇಗೆ?

ಸಿದ್ಧಲಿಂಗಯ್ಯನವರು 1975ರ 'ಹೊಲೆಮಾದಿಗರ ಹಾಡು' ಸಂಕಲನದಲ್ಲಿ ಈ ಋಣವನ್ನು ಸುಟ್ಟುಹಾಕುವ ಮಾತಾಡಿದರು. ಅದು ಇಪ್ಪತ್ತೊಂದರ ವಯಸ್ಸಿನ ನ್ಯಾಯವಾದ ಸಿಟ್ಟು. ನನ್ನ ವಿಷಯಕ್ಕೆ ಹೆಚ್ಚು ಮುಖ್ಯವಾದುದು ಇಪ್ಪತ್ತು ವರ್ಷಗಳ ಬಳಿಕ ಅವರು ಬರೆದ 'ಊರುಕೇರಿ'. ಅದರ ಮೊದಲ ಭಾಗ ಬಂದದ್ದು 1996ರಲ್ಲಿ, ಲೇಖಕರಿಗೆ ನಲವತ್ತೆರಡು. ಪುಸ್ತಕದ ಆರಂಭದಲ್ಲಿಯೇ ಒಂದು ದೃಶ್ಯವಿದೆ: ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗವಿಟ್ಟು ಹೊಲ ಉಳುತ್ತಿದ್ದಾರೆ, ಇಬ್ಬರಲ್ಲಿ ಒಬ್ಬ ಆ ಹುಡುಗನ ತಂದೆ. ಇಂಥ ದೃಶ್ಯವನ್ನು ಇಟ್ಟ ಮೇಲೆ ಮುಂದಿನ ಪುಟಗಳೆಲ್ಲ ಉರಿಯಬೇಕೆಂದು ಓದುಗ ನಿರೀಕ್ಷಿಸುತ್ತಾನೆ. ಪುಟಗಳು ನಗುತ್ತವೆ. ಕೇರಿಯ ಜನ, ಹಾಸ್ಟೆಲಿನ ಗೆಳೆಯರು, ದೆವ್ವಗಳು, ಹಸಿವು, ಭಾಷಣಗಳು ಎಲ್ಲವೂ ನಗುವಿನಲ್ಲಿ ಮಿ೦ದು ಬರುತ್ತವೆ. ಈ ನಗುವನ್ನು ಕೆಲವರು ರಾಜಿಯೆಂದರು. ನನಗೆ ಹಾಗೆ ತೋರುವುದಿಲ್ಲ. ತಂದೆಯ ಹೆಗಲ ಮೇಲಿನ ನೊಗವನ್ನು ಅವರು ಒಂದು ಕ್ಷಣವೂ ಮರೆತಿಲ್ಲ. ಅದನ್ನು ಹೂಡಿದವರಿಗೆ ಯಾವ ವಂದನೆಯನ್ನೂ ಸಲ್ಲಿಸಿಲ್ಲ. ಅವರ ಕೃತಜ್ಞತೆ ಸಲ್ಲುವುದು ತಮ್ಮೊಡನೆ ಹಸಿದವರಿಗೆ, ಹಸಿದೂ ಹಂಚಿಕೊಂಡವರಿಗೆ, ನಗುವನ್ನು ಕಲಿಸಿದ ಕೇರಿಗೆ. ಜೋಳವಾಳಿಯ ಸಾವಿರ ವರ್ಷಗಳ ದಿಕ್ಕನ್ನು ಅವರು ತಿರುಗಿಸಿದ್ದಾರೆ. ಯಾರಿಗೆ ಋಣಿಯಾಗಿರಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯವೇ ಮನುಷ್ಯನ ಘನತೆಯ ಮುಖ್ಯ ಭಾಗ ಎಂಬುದನ್ನು 'ಊರುಕೇರಿ'ಯಷ್ಟು ಚೆನ್ನಾಗಿ ತೋರಿಸಿದ ಪುಸ್ತಕವನ್ನು ನಾನು ಕಂಡಿಲ್ಲ. ಕರ್ಣನಿಗೆ ಆ ಸ್ವಾತಂತ್ರ್ಯ ದೊರೆತಿರಲಿಲ್ಲ; ಅವನ ಕಥೆ ದುರಂತವಾಗಲು ಅದೇ ಕಾರಣ.

ಈ ಬೆಳಕಿನಲ್ಲಿ ನಮ್ಮ ಇಂದಿನ ಉಪಕಾರಸ್ಮರಣೆಯ ಬರಹಗಳನ್ನು ನೋಡಿದರೆ ಮನಸ್ಸಿಗೆ ಅಷ್ಟು ಸಮಾಧಾನವಾಗುವುದಿಲ್ಲ. ಅಭಿನಂದನ ಗ್ರಂಥವೆಂಬ ಒಂದು ಪ್ರಕಾರ ನಮ್ಮಲ್ಲಿ ಹುಲುಸಾಗಿ ಬೆಳೆದಿದೆ. ಬಿ. ಎಂ. ಶ್ರೀಯವರಿಗೆ ಶಿಷ್ಯರೂ ಮಿತ್ರರೂ ಸೇರಿ ಅರ್ಪಿಸಿದ 'ಸಂಭಾವನೆ'ಯಲ್ಲಿ ಲೇಖಕರು ತಮ್ಮ ತಮ್ಮ ಕೃಷಿಯ ಫಲವನ್ನು ತಂದು ಗುರುವಿನ ಮುಂದಿಟ್ಟರು. ಲೇಖನದ ಯೋಗ್ಯತೆಯೇ ಅಲ್ಲಿ ನಮಸ್ಕಾರವಾಗಿತ್ತು. ಇಂದಿನ ಬಹುಪಾಲು ಗ್ರಂಥಗಳಲ್ಲಿ ಅರವತ್ತು ಮಂದಿ ಒಬ್ಬರನ್ನು ಕುರಿತು ಅವೇ ಆರು ವಿಶೇಷಣಗಳನ್ನು ಬರೆಯುತ್ತಾರೆ. ಅಲ್ಲಿ ಜಂತಿ ಎಣಿಸಿದವರೂ ಇಲ್ಲ, ಉಂಡದ್ದನ್ನು ರುಚಿ ಹೇಳಿದವರೂ ಇಲ್ಲ. ಇನ್ನೊಂದು ಕಡೆ, ದಿನಕ್ಕೆ ಹತ್ತು ಭಾಗ್ಯಗಳ ಪಟ್ಟಿ ಮಾಡಿರಿ, ನೆಮ್ಮದಿ ತಾನಾಗಿ ಬರುತ್ತದೆ ಎಂದು ಬೋಧಿಸುವ ಪುಸ್ತಕಗಳು ಅಂಗಡಿಗಳ ಮುಂಭಾಗವನ್ನೆಲ್ಲ ಹಿಡಿದಿವೆ. ಪಟ್ಟಿ ಮಾಡುವುದು ಕೆಟ್ಟದ್ದಲ್ಲ. ಆದರೆ ಆ ಪುಸ್ತಕಗಳಲ್ಲಿ ಕೃತಜ್ಞತೆ ಒಂದು ಔಷಧ. ಅದನ್ನು ಸೇವಿಸುವವನ ಆರೋಗ್ಯಕ್ಕಾಗಿ ಮಾತ್ರ ಇದೆ. ಕೊಟ್ಟವನ ಮುಖ ಅಲ್ಲಿ ಕಾಣುವುದೇ ಇಲ್ಲ. ಯಶವಂತರಾಯರ ಲೆಕ್ಕದ ಪುಸ್ತಕಕ್ಕೂ ಈ ಪಟ್ಟಿಗಳಿಗೂ ಇರುವ ಅಂತರ ಇದು: ಒಂದರಲ್ಲಿ ಹೆಸರುಗಳಿವೆ, ವಿಳಾಸಗಳಿವೆ, ತೀರಿಸಬೇಕಾದ ಬಾಕಿಯಿದೆ; ಇನ್ನೊಂದರಲ್ಲಿ ಜಮೆಯ ಕಾಲಂ ಒಂದೇ ಇದೆ.

ನಡುವಯಸ್ಸಿನ ಕೃತಜ್ಞತೆಯನ್ನು ಕನ್ನಡದಲ್ಲಿ ಬರೆದ ಉತ್ತಮರೆಲ್ಲರೂ ಒಂದು ಮಾತಿನಲ್ಲಿ ಒಂದಾಗುತ್ತಾರೆ. ಅವರಲ್ಲಿ ಯಾರೂ ಬಾಳು ಸಿಹಿಯೆಂದು ಹೇಳಲಿಲ್ಲ. ಸಖಿಯ ಮುಂದೆ ಕುಳಿತ ಬೇಂದ್ರೆ, ಇಲ್ಲದ ಗುರುವಿನ ಮುಂದೆ ನಿಂತ ಕುವೆಂಪು, ಮನೆ ಬದಲಿಸುತ್ತಿರುವ ನರಸಿಂಹಸ್ವಾಮಿ, ನೊಗದ ನೆನಪಿನಲ್ಲಿ ನಕ್ಕ ಸಿದ್ಧಲಿಂಗಯ್ಯ, ಇವರೆಲ್ಲರೂ ತಮಗೆ ಸಂದುದನ್ನು ಹೆಸರಿಟ್ಟು ಹೇಳಿದರು, ಸಲ್ಲದಿದ್ದುದನ್ನೂ ಮುಚ್ಚಿಡಲಿಲ್ಲ. ನಮ್ಮ ಓದುಗರಲ್ಲಿ ನಲವತ್ತು ದಾಟಿದವರು ಬಹಳ ಮಂದಿ ಇದ್ದೀರಿ. ತರುಣರಿಗಾಗಿ ಬರೆದ ಪ್ರೇಮಗೀತೆಗಳನ್ನು ಮೆಲುಕು ಹಾಕುವುದರ ಜೊತೆಗೆ, ನಮ್ಮ ವಯಸ್ಸಿಗಾಗಿಯೇ ಬರೆದ ಈ ಪುಸ್ತಕಗಳನ್ನೂ ಒಮ್ಮೆ ಕೈಗೆತ್ತಿಕೊಳ್ಳಬಾರದೆ? ಗ್ರಂಥಾಲಯಗಳಲ್ಲಿ 'ಸಖೀಗೀತ'ವೂ 'ಮನೆಯಿಂದ ಮನೆಗೆ'ಯೂ ಧೂಳು ಹಿಡಿದು ಕುಳಿತಿವೆ. ಅವುಗಳನ್ನು ಬರೆದವರಿಗೆ ನಾವು ತೀರಿಸಬೇಕಾದ ಬಾಕಿಯಲ್ಲಿ ಓದುವುದು ಮೊದಲ ಕಂತು.